ತಲೆಕೆಳಗಾದ ಮಡಿಕೆ

“ನನ್ನ ಬೆರಳುಗಳೆಲ್ಲ ಯಾರ ಮನೆಗೆ ನೆಂಟಸ್ತನಕ್ಕೆ ಹೋಗಿವೆಯೋ?”

ಹೀಗೆ ಕೇಳಿದ್ದು ಅಂಗಿಯ ಮೂರನೇ ಗುಂಡಿಯನ್ನು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ; ಗುಂಡಿಯೋ ಉತ್ತರ ಕೊಡುವ ಪೈಕಿಯಲ್ಲ. ರಟ್ಟಣ್ಣ ಕಿಟಕಿಯ ಬೆಳಕಿಗೆ ತಿರುಗಿ, ಬೆರಳು ಮಾಡಬೇಕಾದ ಕೆಲಸವನ್ನು ಕಣ್ಣಿನಿಂದ ಮಾಡಿಸಿ, ಗುಂಡಿಯನ್ನು ಕಾಜದೊಳಗೆ ತಳ್ಳಿದ. ನಾಲ್ಕನೆಯದನ್ನು ಹಾಗೇ ಬಿಟ್ಟ.

ಅವನ ಸ್ವಂತ ಹೆಸರು ಆಸ್ಪತ್ರೆಯ ಫೈಲಿನಲ್ಲಿ ಮಾತ್ರ ಇತ್ತು. ನಲವತ್ತೈದು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದವನನ್ನು ಬೀದಿಯವರೆಲ್ಲ ರಟ್ಟಣ್ಣ ಎಂದೇ ಕರೆಯುತ್ತಿದ್ದರು. ಅತ್ತಿಗೆಗೆ ಮಾತ್ರ ಅವನು ಈಗಲೂ ‘ಚಿಕ್ಕೋನು’. ಅಣ್ಣನ ಕೈಹಿಡಿದು ಆಕೆ ಈ ಮನೆಗೆ ಬಂದಾಗ ಅವನಿಗೆ ಹತ್ತು ವರ್ಷ. ಈಗ ಅರವತ್ತಾರು. ಅಣ್ಣನೂ ಇಲ್ಲ, ರಟ್ಟಣ್ಣನ ಹೆಂಡತಿಯೂ ಇಲ್ಲ. ಮಹಡಿಯ ಮೇಲೆ ಎರಡು ಕೋಣೆ, ಕೆಳಗೆ ಬೈಂಡಿಂಗ್ ಅಂಗಡಿ. ಅತ್ತಿಗೆ ಮಡಚುವವರು, ಮೈದುನ ಹೊಲಿಯುವವನು. ಇಬ್ಬರ ನಡುವೆ ಒಂದೇ ಉದ್ದನೆಯ ಮೇಜು.

ಕಾಯಿಲೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಹುಟ್ಟಿ, ಹೇಳದೆ ಕೇಳದೆ ಬೆನ್ನುಮೂಳೆಗೆ ಬಂದು ಕುಳಿತಿತ್ತು. ಮೊದಲು ಹಾರ್ಮೋನ್ ಇಳಿಸುವ ಇಂಜೆಕ್ಷನ್ ಕೊಟ್ಟರು. ಆಮೇಲೆ ಮೂರು ವಾರಕ್ಕೊಮ್ಮೆ ಕೀಮೋ, ಮಂಗಳವಾರ ಮಂಗಳವಾರ. ಮೂರು ಸಲ ಆಗಿತ್ತು. ಬೆನ್ನುನೋವು ನೆರೆಮನೆಯ ಜಗಳದ ಹಾಗೆ ದೂರ ಸರಿದಿತ್ತು. ಕೇಳಿಸುತ್ತಿತ್ತು, ಆದರೆ ಒಳಗೆ ಬರುತ್ತಿರಲಿಲ್ಲ. ಅದಕ್ಕಾಗಿ ರಟ್ಟಣ್ಣ ಆ ಔಷಧಿಯ ಚೀಲಕ್ಕೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ.

ಅವನು ಮೊದಲಿನಿಂದಲೂ ಹಾಗೆಯೇ, ಮಾತು ಕಡಿಮೆ, ಕೈಮುಗಿಯುವುದು ಜಾಸ್ತಿ. ಕೀಮೋ ಆದ ಮೂರನೇ ದಿನದಿಂದ ಮೈ ನೀರಲ್ಲಿ ನೆನೆದ ರಟ್ಟಾಗುತ್ತಿತ್ತು. ಎತ್ತಿದ ಕಡೆ ಬಾಗುತ್ತಿತ್ತು, ಬಿಟ್ಟ ಕಡೆ ಬೀಳುತ್ತಿತ್ತು. ಆರನೇ ದಿನ ಎದ್ದು ಕೂರಲು ಆದಾಗ, ‘ಇಷ್ಟು ಕೊಟ್ಟೆಯಲ್ಲ’ ಎಂದುಕೊಳ್ಳುತ್ತಿದ್ದ. ಬಾಯಿಗೆ ಏನಿಟ್ಟರೂ ತುಕ್ಕು ಹಿಡಿದ ಮೊಳೆಯ ರುಚಿ. ಅತ್ತಿಗೆ ಸ್ಟೀಲ್ ಚಮಚವನ್ನೆಲ್ಲ ಎತ್ತಿಟ್ಟು ಒಂದು ಮರದ ಚಮಚ ತಂದರು. ಬಿಸಿ ಊಟ ಬಿಟ್ಟು ತಣ್ಣಗಿನದನ್ನು ಕೊಟ್ಟರು. ಅರ್ಧಕ್ಕರ್ಧ ಮೊಳೆ ಹೋಯಿತು. ಅವನು ಚಮಚಕ್ಕೂ ಕೈಮುಗಿದ. ಬಾಯಿ ಹುಣ್ಣಿಗೆ ದಿನಕ್ಕೆ ನಾಲ್ಕು ಸಲ ಉಪ್ಪು ಸೋಡಾ ನೀರು ಮುಕ್ಕಳಿಸುವುದು. ಜ್ವರ ನೋಡುವ ಕಡ್ಡಿಯನ್ನು ಬೆಳಗ್ಗೆ ಸಂಜೆ ನಾಲಿಗೆಯಡಿ ಇಟ್ಟುಕೊಳ್ಳುವುದು. ತಲೆಯ ಮೇಲೆ ಮೊದಲೇ ಕೂದಲು ಬೆರಳೆಣಿಕೆ. ಇದ್ದಷ್ಟೂ ದಿಂಬಿನ ಪಾಲಾಯಿತು.

ಇಂಜೆಕ್ಷನ್ನಿನಿಂದ ಬರುವ ಬಿಸಿಯಂತೂ ಬೇರೆಯೇ ಕತೆ. ಕೂತಲ್ಲೇ ಎದೆಯಿಂದ ಬೆಂಕಿ ಎದ್ದು ಕಿವಿವರೆಗೆ ಹರಿಯುತ್ತಿತ್ತು. ಅವನು ರಟ್ಟಿನ ತುಂಡು ಹಿಡಿದು ಗಾಳಿ ಬೀಸಿಕೊಳ್ಳುವುದನ್ನು ಮೊದಲ ಸಲ ನೋಡಿದಾಗ ಅತ್ತಿಗೆ ನಕ್ಕು ನಕ್ಕು ಮೇಜು ಹಿಡಿದುಕೊಂಡಿದ್ದರು.

“ನನಗೆ ಐವತ್ತಕ್ಕೆ ಬಂದಿದ್ದು ನಿನಗೆ ಅರವತ್ತಾರಕ್ಕೆ ಬಂತು ನೋಡು! ಆವಾಗ ನಾನು ಕಿಟಕಿ ತೆಗಿ ಅಂದ್ರೆ, ಹಾಳೆ ಹಾರತ್ತೆ ಅತ್ತಿಗೆ ಅಂತಿದ್ದೆ.”

“ತಪ್ಪಾಯ್ತು ಅತ್ತಿಗೆ.”

“ಇಪ್ಪತ್ತನಾಲ್ಕು ವರ್ಷ ತಡ ಆಯ್ತು ನಿನ್ನ ತಪ್ಪೊಪ್ಪಿಗೆ. ಇರ್ಲಿ, ಕಿಟಕಿ ತೆಗೀತೀನಿ.”

ಇವೆಲ್ಲವನ್ನೂ ಅವನು ಒಂದೂ ಬಿಡದೆ ಆಸ್ಪತ್ರೆಯಲ್ಲಿ ಹೇಳುತ್ತಿದ್ದ. ಹೇಳದೆ ಬಚ್ಚಿಟ್ಟದ್ದು ಬೆರಳಿನ ವಿಷಯವೊಂದೇ.

ಮೂರನೇ ಕೀಮೋ ಆದ ವಾರದಿಂದ ಬೆರಳ ತುದಿಗಳಿಗೆ ಜೋಮು ಹಿಡಿದಿತ್ತು. ಕಾಲಡಿಯೂ ಹಾಗೆಯೇ, ನೆಲದ ಮೇಲೆ ಯಾರೋ ಹತ್ತಿ ಹಾಸಿದಂತೆ. ಹೇಳೋಣ ಎಂದುಕೊಂಡಿದ್ದ. ಆದರೆ ಅವನ ಪಕ್ಕದ ಕುರ್ಚಿಯಲ್ಲಿ ಡ್ರಿಪ್ ಹಾಕಿಸಿಕೊಳ್ಳುತ್ತಿದ್ದ ಒಬ್ಬ ಬಸ್ ಡ್ರೈವರ್ ಇದ್ದ. “ನಮ್ಮಿಬ್ಬರ ಕೂದಲು ಸೇರಿಸಿದ್ರೂ ಒಂದು ಹುಬ್ಬು ಆಗಲ್ಲ ಕಣಣ್ಣಾ” ಎಂದು ಇಡೀ ವಾರ್ಡು ನಗಿಸುತ್ತಿದ್ದವನು. ಎರಡನೇ ಸಲ ಅವನು ಡಾಕ್ಟರಿಗೆ, “ಬ್ರೇಕ್ ಒತ್ತಿದ್ದು ಕಾಲಿಗೆ ಗೊತ್ತಾಗ್ತಿಲ್ಲ” ಎಂದು ಹೇಳಿದ್ದನ್ನು ರಟ್ಟಣ್ಣ ಕಿವಿಯಾರೆ ಕೇಳಿದ್ದ. ಮೂರನೇ ಸಲ ಹೋದಾಗ ಆ ಕುರ್ಚಿ ಖಾಲಿ. ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ. ಜೋಮು ಎಂದವನಿಗೆ ಔಷಧಿ ನಿಲ್ಲಿಸುತ್ತಾರೆ, ಔಷಧಿ ನಿಂತವನ ಕುರ್ಚಿ ಖಾಲಿಯಾಗುತ್ತದೆ: ಅವನ ಮನಸ್ಸು ತಾನೇ ದಾರ ಪೋಣಿಸಿ ಗಂಟು ಹಾಕಿಬಿಟ್ಟಿತ್ತು. ಬೆರಳು ಹೋದರೆ ಹೋಗಲಿ, ಔಷಧಿ ಉಳಿಯಲಿ.

ಆ ದಿನಗಳಲ್ಲಿ ಅಂಗಡಿಗೆ ಬಂದಿದ್ದ ಕೆಲಸ ನೂರು ಪ್ರತಿಗಳದು. ನಿವೃತ್ತನಾದ ಪೋಸ್ಟ್‌ಮ್ಯಾನ್ ಒಬ್ಬ ನಲವತ್ತು ವರ್ಷ ಸೈಕಲ್ ಮೇಲೆ ಕಟ್ಟಿದ ಪದ್ಯಗಳು. ಪ್ರೆಸ್ಸಿನಿಂದ ದೊಡ್ಡ ಹಾಳೆಗಳು ಬಂದಿದ್ದವು; ಒಂದೊಂದನ್ನು ಮಡಚಿದರೆ ಹದಿನಾರು ಪುಟದ ಒಂದು ಮಡಿಕೆ, ಆರು ಮಡಿಕೆ ಸೇರಿ ಒಂದು ಪುಸ್ತಕ. ಒಂದೊಂದು ಮಡಿಕೆಯ ಬೆನ್ನಿನಲ್ಲೂ ದಾರಕ್ಕೆ ನಾಲ್ಕು ತೂತು. ಅತ್ತಿಗೆ ಮಡಚುತ್ತಾ ಪದ್ಯ ಹೇಳುವರು, ಅವನು ಹೊಲಿಯುತ್ತಾ ಕೇಳುವನು. ಒಂದು ಸಾಲಿಗೆ ಒಂದು ತೂತು, ನಾಲ್ಕು ಸಾಲು ಮುಗಿಯುವಾಗ ಮಡಿಕೆ ಮುಗಿಯಬೇಕು. ಅಣ್ಣನ ಕಾಲದಿಂದ ಬಂದ ಲೆಕ್ಕ. ಹೊಲಿಯುವಾಗ ರಟ್ಟಣ್ಣ ಕಣ್ಣು ಮುಚ್ಚಿಬಿಡುತ್ತಿದ್ದ. ಮಡಚಿದ ಹಾಳೆಯ ತಲೆಯ ಕಡೆ ಅಂಚು ಮುಚ್ಚಿರುತ್ತದೆ, ಬುಡದ ಕಡೆ ತೆರೆದಿರುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಹೆಬ್ಬೆರಳು ಸವರಿದರೆ ಸಾಕು, ಕಣ್ಣು ಬೇಕಾಗಿರಲಿಲ್ಲ. ಔಷಧಿ ಶುರುವಾದ ಮೇಲಂತೂ ಕಣ್ಣಿನಲ್ಲಿ ಸದಾ ನೀರು. ಹೀಗಾಗಿ ಕಣ್ಣು ಮುಚ್ಚುವುದು ಇನ್ನಷ್ಟು ರೂಢಿಯಾಗಿತ್ತು.

ಅಂಗಡಿಯದು ಇನ್ನೊಂದು ಪದ್ಧತಿ. ಮೊದಲ ಪ್ರತಿ ಸಿದ್ಧವಾದ ಕೂಡಲೇ ಅದನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಆಮೇಲೆಯೇ ಎರಡನೆಯದಕ್ಕೆ ಸೂಜಿ.

ನಾಲ್ಕನೇ ಕೀಮೋದ ಹಿಂದಿನ ದಿನ ಮಧ್ಯಾಹ್ನ ಅತ್ತಿಗೆ ಮೊದಲ ಪ್ರತಿ ಹಿಡಿದು ಓದಲು ಕುಳಿತರು. ರಟ್ಟಣ್ಣ ಗೋಡೆಗೆ ಒರಗಿ ಕೇಳುತ್ತಿದ್ದ. ಮೂರು ಮಡಿಕೆ ದಾಟಿತು. ಹಾಳೆ ತಿರುಗಿದ ಸದ್ದು. ಆಮೇಲೆ ಇನ್ನೇನೋ ಸದ್ದು. ಕಣ್ಣು ತೆರೆದ. ನಾಲ್ಕನೇ ಮಡಿಕೆ ತಲೆಕೆಳಗಾಗಿ ಹೊಲಿದುಹೋಗಿತ್ತು; ಅತ್ತಿಗೆ ಇಡೀ ಪುಸ್ತಕವನ್ನೇ ಬುಡಮೇಲು ಮಾಡಿ ಹಿಡಿದಿದ್ದರು. ದನಿ ಮಾತ್ರ ಒಂದಿಷ್ಟೂ ಎಡವಲಿಲ್ಲ:

ಕಳಿಸಿದವರಾರೆಂದು ಬರೆದಿಲ್ಲ ಲಕೋಟೆಯಲಿ,
ಬಾಗಿಲಿಗೆ ಬಂದಿತ್ತು ಬೆಳಗೆಂಬ ಓಲೆ;
ಓದು ಬಾರದ ನಾನು ಎದೆಗೊತ್ತಿಕೊಂಡರೆ
ಓಲೆಯೇ ಓದಿತ್ತು ನನ್ನೆದೆಯ ಹಾಳೆ.

ಪದ್ಯ ಮುಗಿಸಿ ಪುಸ್ತಕ ಮಡಚಿ ತೊಡೆಯ ಮೇಲಿಟ್ಟುಕೊಂಡರು.

“ನಲವತ್ತೈದು ವರ್ಷದಲ್ಲಿ ಒಂದು ಸಲಾನೂ ಹೀಗಾಗಿರಲಿಲ್ಲ ಅಲ್ವೇನೋ?”

ಅವನು ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿ ನೋಡಿಕೊಂಡ.

“ಬೆರಳು ನೆಂಟರ ಮನೆಯಿಂದ ಇನ್ನೂ ಬಂದಿಲ್ಲ ಅನ್ನು.”

“ನೀವು... ಕೇಳಿಸ್ಕೊಂಡ್ರಾ?”

“ಮೂರು ವಾರದಿಂದ ಕೇಳ್ತಿದೀನಿ. ನೀನು ಗುಂಡಿ ಹತ್ರ ಹೇಳ್ಕೋತೀಯ, ನನ್ನ ಹತ್ರ ಹೇಳಲ್ಲ. ಗುಂಡಿ ನಿನ್ನ ಸಾಕಿತ್ತೇನೋ?”

ರಟ್ಟಣ್ಣ ಡ್ರೈವರನ ಕತೆ ಹೇಳಿದ. ಖಾಲಿ ಕುರ್ಚಿಯ ಕತೆ ಹೇಳಿದ. ಹೇಳುವಾಗ ಕಣ್ಣಿನಲ್ಲಿ ಬಂದದ್ದು ಔಷಧಿಯ ನೀರೋ ಬೇರೆ ನೀರೋ ಅವನಿಗೇ ತಿಳಿಯಲಿಲ್ಲ. “ನಾಳೆ ನೀವು ಬಾಯಿ ಬಿಡಬೇಡಿ ಅತ್ತಿಗೆ.”

“ನಾನ್ಯಾಕೆ ಬಿಡ್ಲಿ? ದೇವರು ನಿನಗೂ ಒಂದು ಬಾಯಿ ಕೊಟ್ಟಿದಾನೆ” ಎಂದು ಅತ್ತಿಗೆ ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡರು.

ಮರುದಿನ ಬೆಳಗ್ಗೆ ಆಸ್ಪತ್ರೆಯ ಉದ್ದ ಕೋಣೆಯಲ್ಲಿ ಎಂಟು ಕುರ್ಚಿ, ಡ್ರಿಪ್ ನೇತುಹಾಕುವ ಎಂಟು ಕಂಬ. ಪಕ್ಕದ ಕುರ್ಚಿ ಇವತ್ತೂ ಖಾಲಿ. ನರ್ಸಮ್ಮ ರಕ್ತದ ವರದಿ ಹಿಡಿದು ಬಂದಳು.

“ಏನು ತಾತ, ಹೇಗಿದೀರಾ?”

“ತಾತ ಅನ್ಬೇಡಮ್ಮಾ, ಇನ್ನೂ ಈ ಅತ್ತಿಗೆ ಕಣ್ಣಿಗೆ ನಾನು ಚಿಕ್ಕೋನು.”

ಅವಳು ನಕ್ಕು ಪಟ್ಟಿ ಓದತೊಡಗಿದಳು. ಜ್ವರ? ಇಲ್ಲ. ಬಾಯಿ ಹುಣ್ಣು? ಕಡಿಮೆ. ಭೇದಿ? ಒಂದು ದಿನ. “ಕೈಕಾಲು ಜೋಮು?”

“ಇಲ್ಲ” ಎಂದ ರಟ್ಟಣ್ಣ.

ಅತ್ತಿಗೆ ಚೀಲದಿಂದ ಪುಸ್ತಕ ತೆಗೆದು ಅವನ ತೊಡೆಯ ಮೇಲಿಟ್ಟು, ಗೋಡೆಯ ಗಡಿಯಾರ ನೋಡುತ್ತಾ ಕುಳಿತರು.

“ಅಯ್ಯೋ, ಹೊಸ ಪುಸ್ತಕನಾ? ನೀವೇ ಮಾಡಿದ್ದಾ?” ನರ್ಸಮ್ಮ ಎತ್ತಿಕೊಂಡು ನಡುವೆ ತೆರೆದಳು. ಹುಬ್ಬು ಗಂಟಾಯಿತು. ಪುಸ್ತಕ ತಿರುಗಿಸಿದಳು, ಹಾಳೆ ಮಗುಚಿದಳು, ಮತ್ತೆ ತಿರುಗಿಸಿದಳು. “ಇದೇನು ತಾತ, ಪದ್ಯ ಶೀರ್ಷಾಸನ ಹಾಕಿದೆ?”

ಸುಳ್ಳನ್ನು ಮನುಷ್ಯರ ಮುಂದೆ ಹೇಗೋ ಆಡಿದ್ದ. ತೆರೆದ ಪುಸ್ತಕದ ಮುಂದೆ, ಅದರಲ್ಲೂ ಪದ್ಯದ ಮುಂದೆ, ನಾಲಿಗೆ ಏಳಲಿಲ್ಲ. ಚಿಕ್ಕಂದಿನಿಂದ ಹಾಳೆ ಕಾಲಿಗೆ ತಾಗಿದರೂ ಎತ್ತಿ ಕಣ್ಣಿಗೊತ್ತಿಕೊಂಡು ಬೆಳೆದವನು.

“ಜೋಮಿದೆ ತಾಯಿ. ಮೂರು ವಾರದಿಂದ ಇದೆ. ಹೆಬ್ಬೆರಳಿಗೆ ಹಾಳೆಯ ತಲೆಯೂ ತಿಳೀತಿಲ್ಲ, ಬುಡವೂ ತಿಳೀತಿಲ್ಲ. ಔಷಧಿ ನಿಲ್ಲಿಸ್ಬೇಡಿ. ಕೈಮುಗೀತೀನಿ.”

ನರ್ಸಮ್ಮ ಪುಸ್ತಕ ಮೆಲ್ಲಗೆ ಕೆಳಗಿಟ್ಟು ಹೋಗಿ ಡಾಕ್ಟರಮ್ಮನನ್ನು ಕರೆತಂದಳು. ಡಾಕ್ಟರಮ್ಮ ಅವನಿಗೆ ಕಣ್ಣು ಮುಚ್ಚಲು ಹೇಳಿ, ಒಂದೊಂದೇ ಬೆರಳನ್ನು ಹತ್ತಿಯಿಂದ, ಕಡ್ಡಿಯ ತುದಿಯಿಂದ ಮುಟ್ಟಿದರು. ಕೆಲವು ಗೊತ್ತಾದವು, ಕೆಲವು ಇಲ್ಲ. ಎಡಗೈಯ ತೋರುಬೆರಳ ಮೇಲೆ ಸೂಜಿ ಚುಚ್ಚಿದ ಎರಡು ಸಣ್ಣ ಗಾಯಗಳಿದ್ದವು. ಅವು ಯಾವಾಗ ಆದವೆಂದು ಅವನಿಗೇ ಗೊತ್ತಿರಲಿಲ್ಲ.

“ಈ ಗಾಯ ನೋಡಿ, ಜೋಮಿಗಿಂತ ನನಗೆ ಇದರದೇ ಹೆದರಿಕೆ” ಎಂದರು ಡಾಕ್ಟರಮ್ಮ. “ರಕ್ತದಲ್ಲಿ ಬಿಳಿಕಣ ಕಡಿಮೆ ಇರೋವಾಗ ಒಂದು ಸಣ್ಣ ಗಾಯ ಕೀವಾದ್ರೆ ಆಸ್ಪತ್ರೇಲೇ ಮಲಗ್ಬೇಕಾಗತ್ತೆ. ಔಷಧಿ ನಿಲ್ಲಿಸಲ್ಲ, ಅಳತೆ ಸ್ವಲ್ಪ ಇಳಿಸ್ತೀನಿ. ಈಗ ಹೇಳಿದ್ದು ಒಳ್ಳೇದಾಯ್ತು. ಮುಚ್ಚಿಟ್ಟಿದ್ರೆ ಜೋಮು ಅಲ್ಲೇ ಮನೆ ಕಟ್ಕೊಂಡುಬಿಡೋದು.”

“ವಾಪಸ್ ಬರತ್ತಾ ಬೆರಳು?”

“ಮುಗಿದ ಮೇಲೆ ತಿಂಗಳುಗಟ್ಟಲೆ ಬೇಕಾಗ್ಬಹುದು. ಎಷ್ಟು ಬರತ್ತೆ ಅಂತ ಈಗಲೇ ಮಾತು ಕೊಡಕ್ಕಾಗಲ್ಲ. ಕೆಲಸ ಬಿಡ್ಬೇಡಿ. ಮೊಂಡು ಸೂಜಿ, ಬೆರಳಿಗೆ ಟೋಪಿ, ಬೆಳಕಲ್ಲಿ ಕಣ್ಣಿಟ್ಟು ಮಾಡಿ.”

ರಟ್ಟಣ್ಣ ಖಾಲಿ ಕುರ್ಚಿಯ ಕಡೆ ನೋಡಿದ. ಈಗ ಕೇಳದಿದ್ದರೆ ಇನ್ನೆಂದೂ ಕೇಳುವುದಿಲ್ಲ. “ಆ ಡ್ರೈವರ್...?”

ನರ್ಸಮ್ಮ ಹಣೆ ಚಚ್ಚಿಕೊಂಡಳು. “ಅವರಾ? ಅವರಿಗೂ ಅಳತೆ ಇಳಿಸಿ ಶುಕ್ರವಾರಕ್ಕೆ ಹಾಕಿದೀವಿ. ಶುಕ್ರವಾರ ಪೂರ್ತಿ ವಾರ್ಡಿಗೆ ಹೊಟ್ಟೆನೋವು, ನಕ್ಕು ನಕ್ಕು. ‘ಮಂಗಳವಾರದ ಮೌನಿಬಾಬಾ ಹೇಗಿದಾರೆ’ ಅಂತ ನಿಮ್ಮನ್ನೇ ಕೇಳ್ತಿರ್ತಾರೆ.”

ರಟ್ಟಣ್ಣನ ಒಳಗೆ ಏನೋ ಬಿಚ್ಚಿಕೊಂಡಿತು. ಬಿಗಿಯಾಗಿ ಎಳೆದ ದಾರ ಸಡಿಲವಾದ ಹಾಗೆ. ಡ್ರಿಪ್ಪಿನ ಹನಿಗಳು ಒಂದೊಂದಾಗಿ ಇಳಿಯುವುದನ್ನು ನೋಡುತ್ತಾ, ಡ್ರೈವರನಿಗೆ, ನರ್ಸಮ್ಮನಿಗೆ, ತಲೆಕೆಳಗಾದ ಮಡಿಕೆಗೆ, ತಾನು ಬಾಯಿ ಬಿಡದೆ ಅವನ ಬಾಯಿ ಬಿಡಿಸಿದ ಅತ್ತಿಗೆಗೆ, ಎಲ್ಲರಿಗೂ ಒಂದೊಂದು ಹನಿಗೆ ಒಬ್ಬೊಬ್ಬರಂತೆ ಕೈಮುಗಿದ. ಹನಿಗಳು ಮಿಕ್ಕವು.

ನೆನೆದ ರಟ್ಟಿನ ದಿನಗಳು ಬಂದವು, ಹೋದವು. ಎಂಟನೇ ದಿನ ಬೆಳಗ್ಗೆ ಅವನು ಮೆಟ್ಟಿಲ ಕಂಬಿ ಹಿಡಿದು ಅಂಗಡಿಗೆ ಇಳಿದ. ಮೇಜನ್ನು ಕಿಟಕಿಯ ಹತ್ತಿರಕ್ಕೆ ಎಳೆಯಲಾಗಿತ್ತು. ಉಳಿದ ತೊಂಬತ್ತೊಂಬತ್ತು ಪ್ರತಿಗಳ ಮಡಿಕೆಗಳು ಸಾಲಾಗಿ ನಿಂತಿದ್ದವು. ಒಂದೊಂದರ ತಲೆಯ ಮೇಲೂ ಕೆಂಪು ಪೆನ್ಸಿಲಿನ ಒಂದು ಗೀಟು. ತೂತುಗಳನ್ನೂ ಮೊದಲೇ ದಬ್ಬಳದಿಂದ ಚುಚ್ಚಿ ಇಡಲಾಗಿತ್ತು. ಅವನ ಸೂಜಿಯ ಮೊನೆಯನ್ನು ಸಾಣೆಕಲ್ಲಿಗೆ ಉಜ್ಜಿ ಮೊಂಡು ಮಾಡಲಾಗಿತ್ತು. ಪಕ್ಕದಲ್ಲಿ ಎರಡು ತಗಡಿನ ಬೆರಳ ಟೋಪಿ. ಅತ್ತಿಗೆಯ ಹೆಬ್ಬೆರಳಿಗೆಲ್ಲ ಕೆಂಪು ಬಣ್ಣ.

ಶೀರ್ಷಾಸನ ಹಾಕಿದ್ದ ಆ ಮೊದಲ ಪ್ರತಿಯು ದಾರ ಬಿಚ್ಚಿಸಿಕೊಂಡು ಮೇಜಿನ ನಡುವೆ ಮಲಗಿತ್ತು. ರಟ್ಟಣ್ಣ ಸೂಜಿ ಎತ್ತಿಕೊಂಡ. ಜಾರಿತು. ಮತ್ತೆ ಎತ್ತಿಕೊಂಡ. ಹಿಡಿದಿದ್ದೇನೆ ಎಂದು ಕಣ್ಣು ಹೇಳುತ್ತಿತ್ತು, ಬೆರಳು ಒಪ್ಪುತ್ತಿರಲಿಲ್ಲ. ಮೊದಲ ತೂತಿಗೆ ಹೋಗುವಷ್ಟರಲ್ಲಿ ಮತ್ತೆ ಜಾರಿ ನೆಲಕ್ಕೆ ಬಿತ್ತು.

ಬಗ್ಗಿ ಎತ್ತಿಕೊಂಡು, ಅದನ್ನು ಅಂಗೈಯಲ್ಲಿಟ್ಟು ಅತ್ತಿಗೆಯ ಮುಂದೆ ಚಾಚಿದ. ಕೋಪವಿರಲಿಲ್ಲ, ದುಃಖವೂ ಅಷ್ಟಾಗಿ ಇರಲಿಲ್ಲ.

“ಇಷ್ಟೆಲ್ಲ ಮಾಡಿದೀರಿ. ನಿಮ್ಮ ಕೈಗೂ ಹೊಲಿಗೆ ಗೊತ್ತು. ಇದೊಂದು ಕೆಲಸ ನೀವೇ ಮುಗಿಸಿಬಿಡಿ ಅತ್ತಿಗೆ. ನಾನು ಪಕ್ಕದಲ್ಲಿ ಕೂತು ಕೇಳ್ತೀನಿ, ಅಷ್ಟು ಸಾಕು ನನಗೆ.”

ಅತ್ತಿಗೆ ಆ ಅಂಗೈಯನ್ನು ನೋಡಿದರು, ಸೂಜಿಯನ್ನು ನೋಡಿದರು. ಒಂದು ಬೆರಳ ಟೋಪಿ ತೆಗೆದು ಅವನ ತೋರುಬೆರಳಿಗೆ ಒತ್ತಿ ಕೂರಿಸಿದರು, ಇನ್ನೊಂದನ್ನು ಹೆಬ್ಬೆರಳಿಗೆ. ಕನ್ನಡಕ ಏರಿಸಿಕೊಂಡು ಮೊದಲ ಮಡಿಕೆಯ ಮೊದಲ ಪದ್ಯಕ್ಕೆ ಗಂಟಲು ಸರಿಮಾಡಿಕೊಂಡರು.

“ಸಾಲಿಗೊಂದು ತೂತು. ಒಂದು ತೂತಿಗೆ ನೀನು ಹತ್ತು ನಿಮಿಷ ತಗೊಂಡ್ರೂ ಸರಿ, ಅದೇ ಸಾಲನ್ನ ಹತ್ತು ನಿಮಿಷಾನೂ ಹೇಳ್ತಿರ್ತೀನಿ. ಸೂಜಿ ಮಾತ್ರ ಮುಟ್ಟಲ್ಲ, ಚಿಕ್ಕೋನೇ. ನಾನು ಹೊಲಿಯಲ್ಲ.”