ಹನ್ನೊಂದನೇ ಎಳೆಯ ಬೆಳಕು

ಮಂಕಿ ಊರಿನ ಹತ್ತಿರ ಹೆದ್ದಾರಿ ಬದಿಗೆ ಚರಂಡಿ ತೋಡುತ್ತಿದ್ದ ಜೆಸಿಬಿ ನೆಲದಡಿಯ ಇಂಟರ್ನೆಟ್ ಕೇಬಲ್ಲನ್ನು ಕಿತ್ತು ಹಾಕಿದ್ದು ಬೆಳಿಗ್ಗೆ ಎಂಟೂವರೆಗೆ. ಒಂಬತ್ತೂವರೆಗೆ ರೂಪಾ ಅಲ್ಲಿದ್ದಳು. ಹಳದೀಪುರದ ರೂಪಾ ಐದು ವರ್ಷದಿಂದ ಗುತ್ತಿಗೆದಾರರೊಬ್ಬರ ಬಳಿ ಇದೇ ಕೆಲಸ ಮಾಡುತ್ತಿದ್ದಳು. ಕುಮಟಾದಿಂದ ಭಟ್ಕಳದವರೆಗೆ ನೆಲದಡಿ ಹೋಗುವ ಗಾಜಿನ ಎಳೆಗಳು ಎಲ್ಲಿ ಕಡಿದರೂ ಹೋಗಿ ಬೆಸೆಯಬೇಕು. ಅವಳ ಜೊತೆ ಹಮ್ಮ ಗೌಡ ಇರುತ್ತಿದ್ದ. ಗುಂಡಿ ತೋಡುವವನೂ ಅವನೇ, ಓಮ್ನಿ ಓಡಿಸುವವನೂ ಅವನೇ. ಐವತ್ತು ದಾಟಿದ ಮನುಷ್ಯ.

ಯಾರೋ ಕಳಿಸಿದ ಫೋಟೋ, ಇನ್ನಾರದೋ ಮಾತು, ಆಸ್ಪತ್ರೆಯ ವರದಿ, ಎಲ್ಲವೂ ಆ ಎಳೆಯೊಳಗೆ ಬರುವ ಹೊತ್ತಿಗೆ ಬರೀ ಬೆಳಕಾಗಿರುತ್ತದೆ. ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಿನುಗುವ ಬೆಳಕು. ಅದನ್ನು ಗಂಟು ಕಟ್ಟಿ ವಿಳಾಸ ಬರೆಯುವುದು, ಆ ಕಡೆ ಬಿಚ್ಚಿ ಓದುವುದು ಮೇಲಿನ ಯಂತ್ರಗಳ ಕೆಲಸ. ರೂಪಾಳದು ಎಲ್ಲಕ್ಕಿಂತ ಕೆಳಗಿನ ಕೆಲಸ: ಕೂದಲಿನಷ್ಟು ತೆಳುವಾದ ಗಾಜಿನಿಂದ ಬೆಳಕು ಸೋರದಂತೆ ನೋಡಿಕೊಳ್ಳುವುದು. ಆ ಬೆಳಕು ಕಣ್ಣಿಗೆ ಕಾಣುವ ಜಾತಿಯದಲ್ಲ.

ಮಧ್ಯಾಹ್ನದೊಳಗೆ ಕೇಬಲ್ಲಿನ ಹನ್ನೆರಡೂ ಎಳೆ ಬೆಸೆದು ಮುಗಿದವು. ಆದರೆ ಹನ್ನೊಂದನೆಯದು ಸರಿಯಾಗಿ ನಡೆಯುತ್ತಿಲ್ಲ ಎಂದು ಕುಮಟಾದ ಕಂಟ್ರೋಲ್ ರೂಮಿನಿಂದ ಪ್ರವೀಣ ಫೋನ್ ಮಾಡಿದ. ಬೆಸುಗೆ ಚೆನ್ನಾಗಿತ್ತು. ಹಾಗಾದರೆ ಎಳೆಗಳು ಹೋಗಿ ಸೇರುವ, ಮೊಬೈಲ್ ಟವರ್ ಪಕ್ಕದ ಕ್ಯಾಬಿನ್ನಿನಲ್ಲಿ ಆ ಎಳೆಯ ತುದಿಗೆ ದೂಳು ಕೂತಿರಬೇಕು. ಕೈಯಲ್ಲಿ ಹಿಡಿಯುವ ಸಣ್ಣ ಸೂಕ್ಷ್ಮದರ್ಶಕಕ್ಕೆ ತುದಿ ಸಿಕ್ಕಿಸಿ ನೋಡಿದರೆ ತಿಳಿಯುತ್ತದೆ.

ನೋಡುವ ಮೊದಲು ಎಳೆಯಲ್ಲಿ ಬೆಳಕು ಇದೆಯೋ ಇಲ್ಲವೋ ಎಂದು ಮೀಟರ್ ಹಾಕಿ ಅಳೆಯಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸಿದ್ದು ಅದನ್ನೇ. ಮೀಟರ್ ಓಮ್ನಿಯಲ್ಲಿತ್ತು. ರೂಪಾ ಆಗಲೇ ಕ್ಯಾಬಿನ್ನಿಗೆ ನಡೆದು ಬಂದಿದ್ದಳು, ಓಮ್ನಿ ಗುಂಡಿಯ ಹತ್ತಿರ, ಮಳೆಯಲ್ಲಿ. ರೂಪಾ ಫೋನಿನಲ್ಲೇ ಕೇಳಿದಳು.

"ಪ್ರವೀಣ, ಹನ್ನೊಂದು ಆಫ್ ಮಾಡು. ತುದಿ ನೋಡ್ಬೇಕು."

"ಮಾಡ್ದೆ ರೂಪಕ್ಕ. ಸ್ಕ್ರೀನಲ್ಲಿ ಡೌನ್ ಅಂತ ಬಂತು. ನೋಡಿ."

ಅವಳು ಬಲಗಣ್ಣಿಟ್ಟು ನೋಡಿದಳು. ನಡುವೆ ಬೆಳಕು ಹೋಗುವ ದಾರಿಯ ಕಪ್ಪು ಚುಕ್ಕೆ, ಅದರ ಅಂಚಿನಲ್ಲಿ ದೂಳಿನ ಕಣ. ಒರೆಸಿ ಮತ್ತೆ ನೋಡಿದಳು. ಕಣ ಇನ್ನೂ ಅಂಟಿಕೊಂಡಿತ್ತು. ಇನ್ನೊಮ್ಮೆ ಒರೆಸಿ, ಈ ಸಲ ನಿಧಾನವಾಗಿ, ಪೂರ್ತಿ ಹೋಗಿದೆಯೇ ಎಂದು ನೋಡಿದಳು. ಅಷ್ಟರಲ್ಲಿ ಹಮ್ಮ ಗೌಡ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಮೀಟರಿದ್ದ ಪೆಟ್ಟಿಗೆ ಹೊತ್ತು ಬಂದ. ಅಭ್ಯಾಸಬಲದಿಂದ ರೂಪಾ ಮೀಟರ್ ತೆಗೆದು ಆ ತುದಿಯನ್ನು ಸಿಕ್ಕಿಸಿದಳು.

ಏನೂ ತೋರಿಸಬಾರದಿದ್ದ ಮೀಟರು ಪ್ಲಸ್ ಒಂಬತ್ತು ತೋರಿಸಿತು.

ಮೀಟರ್ ಕೆಟ್ಟಿದೆ ಅಂದುಕೊಂಡಳು. ಆರಿಸಿ ಹಚ್ಚಿದಳು. ಪ್ಲಸ್ ಒಂಬತ್ತು. ಪಕ್ಕದ ಎಳೆಗಳಲ್ಲಿ ದಿನವೂ ಕಾಣುವುದಕ್ಕಿಂತ ನೂರಾರು ಪಟ್ಟು ಹೆಚ್ಚು. ಅವಳು ಎಳೆಯ ತುದಿಗೆ ಮುಚ್ಚಳ ಹಾಕಿದಳು.

"ಪ್ರವೀಣ, ಇದ್ರಲ್ಲಿ ಲೈಟ್ ಇದೆ."

ಆ ಕಡೆ ಕೀಲಿಮಣೆಯ ಸದ್ದು. "ರೂಪಕ್ಕ... ನಾನು ನಮ್ಮ ಲಿಂಕ್ ಒಂದೇ ಆಫ್ ಮಾಡಿದ್ದು. ಅದೇ ಎಳೇಲಿ ಬೇರೆ ಬಣ್ಣದ ಬೆಳಕೂ ಹೋಗ್ತದೆ, ಬೇರೆಯವ್ರದು. ಭಟ್ಕಳದಲ್ಲಿ ಅದಕ್ಕೆಲ್ಲ ಒಟ್ಟಿಗೆ ಶಕ್ತಿ ಕೊಡೋ ಯಂತ್ರ ಇದೆ. ಅದು ನಡೀತಾನೇ ಇತ್ತು. ನೀವು ನೋಡಿದ್ರಾ?"

ಅವಳು ಫೋನ್ ಇಟ್ಟಳು.

"ಎಂತ ಆತು ತಂಗಿ?" ಹಮ್ಮ ಗೌಡ ಕೇಳಿದ.

"ಕಣ್ಣಿಗೆ ಲೇಸರ್ ಬಿತ್ತು, ಹಮ್ಮಣ್ಣ. ಮೂರು ಸಲ."

"ಉರೀತದ್ಯಾ?"

"ಇಲ್ಲ. ಅದೇ ಹೆದ್ರಿಕೆ."

ಕಣ್ಣಿನ ಹಿಂದಿನ ಪರದೆಗೆ ನೋವಿಲ್ಲ, ಸುಟ್ಟರೂ ಗೊತ್ತಾಗುವುದಿಲ್ಲ ಎಂದು ತರಬೇತಿಯಲ್ಲಿ ಹೇಳಿದ್ದರು. ಆಗ ಎಲ್ಲರೂ ಚಹಾ ಕುಡಿಯುತ್ತ ಕೇಳಿದ್ದರು. ಹಮ್ಮ ಗೌಡ ಕ್ಯಾಬಿನ್ನಿಗೆ ಬೀಗ ಹಾಕಿದ. "ಬಾ, ಹೊನ್ನಾವರಕ್ಕೆ ಹೋಗ್ವ" ಎಂದ.

ದಾರಿಯುದ್ದಕ್ಕೂ ರೂಪಾ ಎಡಗಣ್ಣು ಮುಚ್ಚಿ ಬೋರ್ಡುಗಳನ್ನು ಓದಿದಳು. ಮೊದಲು ಎಲ್ಲವೂ ಸ್ಪಷ್ಟವಿತ್ತು. ಹೊಳೆಯ ಈಚೆ ದಡದ ಕಾಸರಕೋಡು ಬರುವಷ್ಟರಲ್ಲಿ ಅಕ್ಷರಗಳ ಸುತ್ತ ಮಂಜು ಕಟ್ಟಿದ ಹಾಗೆ ಕಾಣತೊಡಗಿತು. ಗಾಜಿನ ಮೇಲಿನ ಮಳೆಯೋ ಕಣ್ಣೊಳಗಿನದೋ ತಿಳಿಯಲಿಲ್ಲ. ಶರಾವತಿ ಸೇತುವೆಯ ಮೇಲೆ ಬಲಗಣ್ಣಲ್ಲಿ ಹೊಳೆ ನೋಡಿದಳು. ನೀರೂ ಬಾನೂ ಒಂದೇ ಬೂದಿ ಬಣ್ಣ. ಎಡಗಣ್ಣಲ್ಲಿ ನೋಡಿದಳು. ಅದರಲ್ಲೂ ಹಾಗೇ ಕಂಡಿತು. ಆದರೂ ಎರಡರಲ್ಲಿ ಏನೋ ವ್ಯತ್ಯಾಸವಿದೆ ಅನಿಸಿತು. ಎರಡು ಗಾಜಿನ ತುದಿಗಳನ್ನು ಕಣ್ಣಳತೆಯಲ್ಲಿ ಕೂಡಿಸುವವಳು ತಾನು. ಒಂದು ಕಣ್ಣು ಹೋದರೆ ಮುಂದೇನು ಎನ್ನುವುದನ್ನು ಯೋಚಿಸಲು ಹೋಗಿ, ಅರ್ಧಕ್ಕೇ ಬಿಟ್ಟು ಮುಂದಿನ ಬೋರ್ಡು ಓದಿದಳು.

ಕಣ್ಣಿನ ಡಾಕ್ಟರು ಅರ್ಚಿತಾ ಹೆಗಡೆ ಕಣ್ಣಿಗೆ ಔಷಧಿಯ ಹನಿ ಬಿಟ್ಟು ಅರ್ಧ ಗಂಟೆ ಕಾಯಿಸಿದರು. ಆ ಔಷಧಿಗೆ ಎಲ್ಲವೂ ನಿಜಕ್ಕೂ ಮಂಜಾಯಿತು. ಇದು ಔಷಧಿಯಿಂದಲೇ ಎಂದು ಗೊತ್ತಿದ್ದರೂ ರೂಪಾ ಎರಡು ಸಲ ಎದ್ದು ಬಾಗಿಲಿನವರೆಗೆ ಹೋಗಿ ಬಂದಳು.

ಡಾಕ್ಟರು ತುಂಬ ಹೊತ್ತು ನೋಡಿದರು. "ಹಿಂದಿನ ಪರದೆ ಚೆನ್ನಾಗಿದೆ. ನೀವು ಹೇಳೋ ಥರದ ಬೆಳಕನ್ನ ಹೆಚ್ಚಾಗಿ ಕಣ್ಣಿನ ಮುಂಭಾಗವೇ ಹೀರಿಕೊಳ್ತದೆ, ಒಳಗೆ ಬಿಡೋದಿಲ್ಲ. ಮುಂದೆ ಸ್ವಲ್ಪ ಕೆಂಪಾಗಿದೆ. ಆದ್ರೆ ಈಗ್ಲೇ ಏನೂ ಇಲ್ಲ ಅಂತ ಹೇಳೋದಕ್ಕೆ ಬರೋದಿಲ್ಲ. ಒಂದು ವಾರ ಬಿಟ್ಟು ಬನ್ನಿ. ಮಧ್ಯೆ ಕಪ್ಪು ಚುಕ್ಕೆ ಕಂಡ್ರೆ ಆವತ್ತೇ ಬನ್ನಿ."

ಹೊರಗೆ ಬೆಂಚಿನ ಮೇಲೆ ಪ್ರವೀಣ ಕೂತಿದ್ದ. ಹಮ್ಮ ಗೌಡನಿಗೆ ಫೋನ್ ಮಾಡಿ ತಿಳಿದುಕೊಂಡು ಕುಮಟಾದಿಂದ ಬಸ್ಸಿಗೆ ಬಂದಿದ್ದ. ಇಪ್ಪತ್ತಾರರ ಹುಡುಗನ ಮುಖ ಬಿಳಿಚಿಕೊಂಡಿತ್ತು.

"ಎಳೆ ಕಡಿದ್ರೆ ಆ ಯಂತ್ರ ತಾನಾಗೇ ಆರ್ಬೇಕು. ಯಾರೋ ಹೋದ ತಿಂಗ್ಳು ಟೆಸ್ಟಿಗೆ ಅಂತ ಹಾಗೆ ಆರೋದನ್ನ ತಪ್ಪಿಸಿಟ್ಟಿದ್ದಾರೆ. ನಂಗೆ ಗೊತ್ತಿರ್ಲಿಲ್ಲ. ಆದ್ರೆ ಗೊತ್ತಿಲ್ಲ ಅಂತ್ಲೂ ನಾನು ಹೇಳ್ಲಿಲ್ಲ, ರೂಪಕ್ಕ. ಆಫ್ ಅಂದ್ಬಿಟ್ಟೆ."

ರೂಪಾಳಿಗೆ ಸಿಟ್ಟು ಬರಲಿಲ್ಲ, ಸಮಾಧಾನವೂ ಆಗಲಿಲ್ಲ. "ನಿನ್ನ ಸ್ಕ್ರೀನು ನೋಡಿ ನೀನು ಹೇಳ್ದೆ. ನಾನು ನಂಬ್ದೆ. ಈಗ ಮನೆಗೆ ಹೋಗು" ಎಂದಳು.

ಆ ವಾರ ಅವಳು ಮನೆಯಲ್ಲಿ ಯಾರಿಗೂ ಏನೂ ಹೇಳಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದು ಗೋಡೆಯ ಕ್ಯಾಲೆಂಡರಿನ ತಾರೀಕುಗಳನ್ನು ಎಣಿಸುತ್ತಿದ್ದಳು. ಮೂರನೇ ದಿನ ಹದಿನೇಳರ ಜಾಗದಲ್ಲಿ ಕಪ್ಪು ಕಂಡಿತು. ಹತ್ತಿರ ಹೋಗಿ ಮುಟ್ಟಿದರೆ ಅದು ನೊಣ, ಹಾರಿಹೋಯಿತು. ಅವಳು ಧೊಪ್ಪನೆ ನೆಲದ ಮೇಲೆ ಕೂತುಬಿಟ್ಟಳು. "ಎಂತ ಆತೆ?" ಎಂದು ಒಳಗಿನಿಂದ ಅಮ್ಮ ಕೇಳಿದಾಗ, ತಲೆ ತಿರುಗಿತು ಎಂದಳು.

ಎಂಟನೇ ದಿನ ಡಾಕ್ಟರು ಎರಡೂ ಕಣ್ಣು ಸರಿ ಇವೆ ಎಂದರು. ರೂಪಾ ಅದನ್ನು ಮತ್ತೆರಡು ಸಲ ಕೇಳಿ ಹೇಳಿಸಿಕೊಂಡಳು.

ಗುತ್ತಿಗೆದಾರರು ವರದಿ ಬರೆದು ಕೊಡು ಎಂದಿದ್ದರು. ತಪ್ಪು ಕಂಟ್ರೋಲ್ ರೂಮಿನದು ಎಂದಷ್ಟೇ ಬರೆದರೆ ಸಾಕು ಎಂಬ ಸೂಚನೆಯೂ ಇತ್ತು. ಭಟ್ಕಳದಲ್ಲಿ ಯಾರೂ ಆರಿಸದೆ ಬಿಟ್ಟ ಯಂತ್ರದ ಬಗ್ಗೆ ಅವಳು ಬರೆದಳು, ಪ್ರವೀಣ ಹೇಳಿದ್ದನ್ನು ಬರೆದಳು, ತಾನು ಮಳೆಗೆ ಸೋಮಾರಿತನ ಮಾಡಿ ಮೀಟರ್ ತರಲಿಲ್ಲ ಎಂಬುದನ್ನೂ ಬರೆದು ಸಹಿ ಹಾಕಿದಳು. ಭಟ್ಕಳದ ಯಂತ್ರ ಎಳೆ ಕಡಿದರೆ ತಾನಾಗಿ ಆರುವಂತೆ ಎರಡು ದಿನದಲ್ಲಿ ಸರಿಯಾಯಿತು.

ಮುಂದಿನ ಕರೆ ಬಂದದ್ದು ಭಟ್ಕಳ ಪೇಟೆಯಿಂದ. ಅಂಗಡಿಯೊಂದರ ಮಾಳಿಗೆಯ ಮೇಲೆ ಎಳೆಯ ತುದಿ ನೋಡಬೇಕಿತ್ತು. ಮೀಟರ್ ಏನೂ ತೋರಿಸಲಿಲ್ಲ. ಮತ್ತೆ ಹಾಕಿದಳು. ಮೂರನೇ ಸಲವೂ ಹಾಕಿದಳು. ಆದರೂ ಸೂಕ್ಷ್ಮದರ್ಶಕ ಮುಖದ ಹತ್ತಿರ ಬಂದಾಗ ರೆಪ್ಪೆ ತಾನಾಗಿ ಮುಚ್ಚಿಕೊಂಡಿತು. ಹಮ್ಮ ಗೌಡ ಏಣಿಯ ಮೇಲೆ ನಿಂತು ಕಾಯುತ್ತಿದ್ದ.

"ಅವಸರ ಇಲ್ಲ ತಂಗಿ" ಎಂದ.

ಐದು ನಿಮಿಷ ಹಿಡಿಯಿತು. ಆಮೇಲೆ ರೂಪಾ ಕಣ್ಣು ತೆರೆದು ನೋಡಿದಳು.