ಪನಚಕ್ಕಿಯ ಮೇಲ್ಗಲ್ಲು

ಹಳ್ಳದ ದಂಡೆಯ ಪನಚಕ್ಕಿ ಒಮ್ಮೆ ತಿರುಗಬೇಕು, ಎಂಬತ್ತೆಂಟರ ಅವ್ವ ಅದರ ಹಿಟ್ಟಿನ ರೊಟ್ಟಿ ತಿನ್ನಬೇಕು. ಕಾಶೆಪ್ಪನಿಗೆ ಹಿಡಿದಿದ್ದ ಹುಚ್ಚು ಇದೊಂದೇ. ನೀರಿನ ಬಲದಿಂದಲೇ ಬೀಸುತ್ತಿದ್ದ ಆ ಗಿರಣಿಯನ್ನು ನಿಜಾಮನ ಕಾಲದಲ್ಲಿ ಕಟ್ಟಿದವನು ಅವನ ಮುತ್ತಜ್ಜ. ಕೆಳಗೆ ಕಲ್ಲಿನ ಕಮಾನು, ಅದರೊಳಗೆ ಅಡ್ಡ ಮಲಗಿದ ಕಟ್ಟಿಗೆಯ ಚಕ್ರ, ಮೇಲೆ ಬೀಸುವ ಕೋಣೆ. ತೊಂಬತ್ಮೂರರ ಭೂಕಂಪಕ್ಕೆ ಕೋಣೆಯ ಮಾಳಿಗೆ ಕುಸಿದರೂ ಕಮಾನಿನ ಒಂದು ಕಲ್ಲೂ ಅಲುಗಲಿಲ್ಲವೆಂದು ಅವನು ಸಾಸ್ತೂರದಿಂದ ಉಮರ್ಗಾತನಕ ಕಂಡಕಂಡವರ ತಲೆ ತಿನ್ನುತ್ತಿದ್ದ.

ಕಾಲುವೆಯ ಹೂಳು ತೆಗೆಸಿದ. ಜಾಲಿಮರದ ಹೊಸ ಚಕ್ರ ಕೂಡಿಸಿದ. ಕೆಳಗಲ್ಲು ಇದ್ದಲ್ಲೇ ಇತ್ತು, ಮೇಲ್ಗಲ್ಲೇ ನಾಪತ್ತೆ! ಬಾವಿ, ತಿಪ್ಪೆ, ಮಂದಿಯ ಹಿತ್ತಲು, ಎಲ್ಲ ಜಾಲಾಡಿದ.

"ಎಷ್ಟ್ ಹುಡುಕ್ತಿ ಕಾಶ್ಯಾ? ದಿನಾ ಅದಕ್ಕೇ ನೀರ್ ಹಾಕಿ ಬರ್ತಿ," ಎಂದಳು ಅವ್ವ ಅಂಬುಬಾಯಿ, ಕೊನೆಗೆ.

ಕಾಶೆಪ್ಪ ತಟ್ಟನೆ ಗುಡಿಯ ಕಡೆ ತಿರುಗಿದ. ಭೂಕಂಪದ ಮರುವರ್ಷ ಹೊಸ ಊರಲ್ಲಿ ಗುಡಿ ಕಟ್ಟುವಾಗ, ನಡುವೆ ತೂತಿದ್ದ ದುಂಡುಕಲ್ಲೊಂದು ಅವನಿಗೆ ಹಳೇ ಊರಿನ ಮಣ್ಣಲ್ಲಿ ಸಿಕ್ಕಿತ್ತು. ಮೈತುಂಬ ಗೀರು ಕಂಡು, ಕಮಲದ ಎಸಳಿನ ಪೀಠವೆಂದು ಬಂಡಿಯಲ್ಲಿ ಮೆರೆಸಿಕೊಂಡು ತಂದವನೂ ಅವನೇ. ಊರವರು ಅದರ ತೂತಿನಲ್ಲಿ ಲಿಂಗ ಕೂಡಿಸಿದರು. ಪಾಪ, ಗಿರಣಿ ನಿಂತದ್ದು ಅವನು ಹುಟ್ಟುವ ಮೊದಲೇ.

"ಆಗೇ ಯಾಕ ಹೇಳಲಿಲ್ಲೆವ್ವಾ?"

"ದೇವ್ರು ಕುಂತಮ್ಯಾಗ ಏಳಂತ ಹ್ಯಾಂಗ ಅನ್ಲಿ?"

ಪೂಜಾರಿ ವೀರಭದ್ರಯ್ಯನೂ ಸುತರಾಂ ಒಪ್ಪಲಿಲ್ಲ. "ಒಂದು ರೊಟ್ಟಿಗಾಗಿ ದೇವ್ರಿಗಿ ಎಬ್ಬಸ್ತಿ ಏನು, ಕಾಶೆಪ್ಪಾ?"

ಕಾಶೆಪ್ಪ ನಿಲಂಗಾದಿಂದ ಪಂಡಿತ ಎಂಬ ಹೆಸರಿನ ಕಲ್ಲುಕುಟಿಗನನ್ನು ಕರೆಸಿದ. "ಹೊಸಾದು ಕಡೀತೀನ್ರಿ. ಆದ್ರ ಹಳೀದರ ಗೀರು ಹ್ಯಾಂಗವ ತಿಳೀಬೇಕು. ಕೆಳಗಿನ ಕಲ್ಲಿಗಿ ಜೋಡಿ ಆಗಲಿಲ್ಲಂದ್ರ ಹಿಟ್ಟಲ್ಲ, ನುಚ್ಚು ಬರ್ತದ," ಎಂದ ಅವನು.

ಮರುದಿನ ಮುಂಜಾನೆ ಅಭಿಷೇಕದ ನೀರಿಗೆ ಲಿಂಗದ ವಿಭೂತಿ ಕರಗಿ ಇಳಿದು ಪೀಠದ ಗೀರುಗಳಲ್ಲಿ ಬೆಳ್ಳಗೆ ನಿಂತಿತು. ಕಾಶೆಪ್ಪ ಮನೆಗೆ ಓಡಿದ. ಸಂಗತಿ ಕೇಳಿದ ಅವ್ವ, ಹಬ್ಬಕ್ಕೂ ಉಡದೆ ಇಟ್ಟಿದ್ದ ಕರಿ ಇಳಕಲ್ ಸೀರೆ ತೆಗೆದು, ಲಿಂಗ ಹಾಯುವಷ್ಟು ತೂತನ್ನು ತಾನೇ ಕತ್ತರಿಸಿದಳು. ಒದ್ದೆ ಮಾಡಿ ಪೀಠದ ಮೇಲೆ ಹಾಸಿ ಒತ್ತಿ ಎತ್ತಿದರೆ, ಅಷ್ಟೂ ಗೀರು ಸೀರೆಯ ಮೇಲೆ! ದೇವರು ಕೂತಲ್ಲೇ ಕೂತಿದ್ದ. ವೀರಭದ್ರಯ್ಯನೇ ಸೀರೆಯ ಒಂದು ತುದಿ ಹಿಡಿದಿದ್ದ.

ಸೀರೆಯ ಗೀರು ನೋಡಿ ಪಂಡಿತ ಹೊಸ ಮೇಲ್ಗಲ್ಲು ಕಡಿದು ಕೂಡಿಸಿದ. ಭಾದ್ರಪದದಲ್ಲಿ ಹಳ್ಳ ತುಂಬಿತು. ಕಾಲುವೆಗೆ ನೀರು ಬಿಟ್ಟರು. ಚಕ್ರ ಒಮ್ಮೆ ಮುಲುಗುಟ್ಟಿ, ಆಮೇಲೆ ಗರಗರ ತಿರುಗಿತು. ಬಿಳಿಜೋಳದ ನುಣ್ಣನೆಯ ಹಿಟ್ಟು ಬೊಗಸೆಗೆ ಬಿದ್ದಾಗ ಕಾಶೆಪ್ಪನಿಗೆ ಸಂತೋಷಕ್ಕೆ ಅಳು ಬಂತು.

ಮೊದಲ ರೊಟ್ಟಿಯನ್ನು ಅಂಬುಬಾಯಿ ಬಾಯಿಗಿಡಲಿಲ್ಲ. ಗುಡಿಗೆ ಹೋಗಿ, ಮುರಿದು, ಅರ್ಧ ಹಳೇ ಕಲ್ಲಿನ ಮೇಲಿಟ್ಟು ಅದರ ಮೈ ಸವರಿದಳು.

"ಭಾಳ ದುಡದಿ. ನೀ ಇನ್ನ ಕೂಡು, ಹೊಸಾದು ದುಡೀಲಿ," ಎಂದು ತಾನೂ ಅದರ ಮಗ್ಗುಲಲ್ಲೇ ಕೂತು ಉಳಿದರ್ಧ ತಿಂದಳು.