ಚನ್ನಬಸವ್ವನ ಬೆರಳಿಗೆ ಚುಚ್ಚಿದ್ದು

ಬಿಬವೇವಾಡಿಯ ಮಾರ್ಕೆಟ್ಟಿನಲ್ಲಿ ತಾಜಾ ಮೀನು ಗುರುತಿಸುವುದರಲ್ಲಿ ಚನ್ನಬಸವ್ವನನ್ನು ಮೀರಿಸುವವರು ಇರಲಿಲ್ಲ. ಆದರೆ ಆಕೆ ಹುಟ್ಟಿದಾಗಿನಿಂದ ಒಂದು ತುಣುಕು ಮೀನು ತಿಂದವಳಲ್ಲ. ಬೈಲಹೊಂಗಲ ಕಡೆಯ ಲಿಂಗವಂತರ ಮನೆತನ. ಸೊಸೆ ನೀತಾ ಒಮ್ಮೆ ಗೊತ್ತಿಲ್ಲದೆ ತತ್ತಿ ಹಾಕಿದ ಕೇಕು ತಂದಿದ್ದಕ್ಕೆ, ಕೇಕು ಇಟ್ಟ ತಾಟನ್ನು ಮೂರು ಸಲ ತಿಕ್ಕಿಸಿ, ಆಮೇಲೂ ಸಮಾಧಾನವಾಗದೆ ತುಳಸಿ ಕುಂಡದ ಕೆಳಗೆ ಇಟ್ಟುಬಿಟ್ಟಿದ್ದಳು.

ಮೀನಿನ ವಿದ್ಯೆ ಆಕೆಗೆ ಹತ್ತಿದ್ದು ಕೆಳಗಿನ ಮಹಡಿಯ ಸಾಯಲಿಯಿಂದ. ರತ್ನಾಗಿರಿ ಕಡೆಯ ಹುಡುಗಿ, ಭಾಳ ಮೆತ್ತನ್ನ ಸ್ವಭಾವ, ಅಂಗಡಿಯವರು ಕೇಳಿದ್ದನ್ನು ಕೊಟ್ಟು ಬರುವವಳು. ಎರಡು ವರ್ಷದ ಹಿಂದೆ ಇಬ್ಬರೂ ಕಾಯಿಪಲ್ಲೆಗೆ ಹೋದಾಗ ಸಾಯಲಿ ಮೀನಿನ ಕಟ್ಟೆಯ ಹತ್ತಿರ ನಿಂತಳು. ಚನ್ನಬಸವ್ವ ಮೂಗಿಗೆ ಸೆರಗು ಹಿಡಿದು ದೂರ ನಿಂತಳು. ಆದರೆ ಮೀನು ಮಾರುವ ಇಂದೂ ಹೇಳಿದ ದರ ಅಲ್ಲಿಯವರೆಗೂ ಕೇಳಿಸಿತು. ತಿನ್ನುವುದು ಅವರವರ ಕರ್ಮ, ಆದರೆ ಕಣ್ಣೆದುರಿಗೆ ಮೋಸ ನಡೆದರೆ ನೋಡಿಕೊಂಡು ಹೆಂಗ ಇರುವುದು? ಸೆರಗು ಹಿಡಿದುಕೊಂಡೇ ಮುಂದೆ ಬಂದು ಜಗಳಕ್ಕೆ ನಿಂತಳು.

ಅಲ್ಲಿಂದ ಪ್ರತಿ ರವಿವಾರ ಇದೇ ಆಯಿತು. ಮೊದಲು ನಾಲ್ಕು ಮಾರು ದೂರದಿಂದ ಚೌಕಾಸಿ. ಆಮೇಲೆ ಎರಡು ಮಾರು. ಮೀನಿನ ಕಣ್ಣು ಹೊಳೆಯಬೇಕು, ಕಿವಿರು ಕೆಂಪಗಿರಬೇಕು ಎಂದು ತಿಳಿದ ಮೇಲೆ ಬೆರಳಿನಿಂದ ಕಿವಿರು ಎತ್ತಿ ನೋಡುವುದೂ ರೂಢಿಯಾಯಿತು. ಸಾಯಲಿಯ ಮನೆಯಲ್ಲೇ ಲಿಂಬೆಹಣ್ಣು ಹಚ್ಚಿ ಕೈ ತೊಳೆದು, ಮೇಲೆ ಬಂದು ಸ್ನಾನ ಮಾಡುತ್ತಿದ್ದಳು. "ಮಾರ್ಕೆಟ್ಟಿನ್ಯಾಗ ಏನೇನರ ಮೈಗೆ ತಾಗಿರ್ತಾವ," ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ.

ಆ ರವಿವಾರ ಕಟ್ಟೆಯ ಮೇಲೆ ಸೀಗಡಿಯ ರಾಶಿ ಬಿದ್ದಿತ್ತು. ಚನ್ನಬಸವ್ವ ಒಂದನ್ನು ಎತ್ತಿ, "ನಿನ್ನೆಯದು ಇದು, ತಲೆ ಸಡಿಲಾಗಿದೆ ನೋಡು," ಎಂದು ಮರಾಠಿಯಲ್ಲಿ ಹೇಳಿದಳು. "ಈಗಷ್ಟೇ ಕಡಲಿನಿಂದ ಬಂದಿದೆ ಮಾವಶಿ!" ಎಂದು ಇಂದೂ ಕಸಿದುಕೊಳ್ಳಲು ಕೈ ಹಾಕಿದಳು. ಎಳೆದಾಟದಲ್ಲಿ ಸೀಗಡಿಯ ತಲೆಯ ಮೇಲಿನ ಮುಳ್ಳು ಚನ್ನಬಸವ್ವನ ತೋರುಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ಬಂತು. ಬೆರಳು ತಾನಾಗಿ ಬಾಯಿಯ ಕಡೆ ಹೋಯಿತು. ಅದು ಏನು ಮುಟ್ಟಿದ ಬೆರಳು ಎಂಬುದು ತುಟಿಯ ಹತ್ತಿರ ಬಂದಾಗ ನೆನಪಾಗಿ ಅಲ್ಲೇ ನಿಂತಿತು.

ಸೋಮವಾರ ಬೆಳಗ್ಗೆ ಕೈ ಮಣಿಕಟ್ಟಿನವರೆಗೆ ಬಾತಿತ್ತು. ಬೆರಳ ಸುತ್ತ ಕಪ್ಪುಗೆಂಪು ಗುಳ್ಳೆ, ಮೈತುಂಬ ಚಳಿಜ್ವರ. ಮೊದಲೇ ಸಕ್ಕರೆ ಕಾಯಿಲೆಯವಳು. ಮಗ ರೋಹಿತ ಹಡಪಸರದ ಕಾರ್ಖಾನೆಗೆ ರಜೆ ಹೇಳಿ, ಹೆಂಡತಿಯನ್ನೂ ಕರೆದುಕೊಂಡು, ರಿಕ್ಷಾದಲ್ಲಿ ತಾಯಿಯನ್ನು ಆಸ್ಪತ್ರೆಗೆ ತಂದ.

"ಏನಾಯ್ತಬೇ?" ಎಂದು ದಾರಿಯಲ್ಲಿ ಕೇಳಿದ.

"ಮುಳಗಾಯಿ ಮುಳ್ಳು ಚುಚ್ಚೇದ."

ಡಾಕ್ಟರ್ ಪುನೀತ ಬೆಂಗಳೂರಿನವನು. ಆಕೆ ಅಲ್ಲೂ ಮುಳಗಾಯಿ ಮುಳ್ಳು ಎಂದೇ ಹೇಳಿದಾಗ, ಕನ್ನಡ ಕೇಳಿ ಮುಖ ಅರಳಿತಾದರೂ ಕೈ ನೋಡಿದ ಕೂಡಲೇ ಮುದುಡಿತು.

"ಬದನೆಕಾಯಿ ಮುಳ್ಳಿಗೆ ಒಂದೇ ದಿನದಲ್ಲಿ ಹೀಗಾಗಲ್ಲಮ್ಮ. ಕಡಲ ನೀರಲ್ಲಿ ಕೈ ಇಟ್ಟಿದ್ರಾ? ಹಸಿ ಮೀನು, ಏಡಿ ಏನಾದ್ರೂ ಮುಟ್ಟಿದ್ರಾ?"

"ಶಿವ ಶಿವಾ!" ಎಂದಳು ಚನ್ನಬಸವ್ವ. "ನಾವು ಲಿಂಗವಂತರ್ರಿ."

"ಕಡಲ ನೀರಲ್ಲಿ ಒಂದು ಬ್ಯಾಕ್ಟೀರಿಯಾ ಇರುತ್ತೆ. ಶುಗರ್ ಇರೋರ ಗಾಯಕ್ಕೆ ಹೊಕ್ಕರೆ ಕೈ ಹೋಗಬಹುದು, ಜೀವಾನೇ ಹೋಗಬಹುದು. ಅದಕ್ಕೆ ಬೇರೆ ಔಷಧಿ ಬೇಕು, ಇವತ್ತೇ ಆಪರೇಷನ್ ಆಗ್ಬೇಕು. ಮನೇಲಿ ಯಾರಿಗಾದ್ರೂ ಮೀನಿನ ಸಂಪರ್ಕ ಇದೆಯಾ?"

ರೋಹಿತನ ಮುಖ ಬಿಳಿಚಿತು. ಗೋಡೆ ಹಿಡಿದುಕೊಂಡು, "ನಂದ ತಪ್ಪು ಡಾಕ್ಟರ್ರ," ಎಂದ. "ಶನಿವಾರ ಕಾರ್ಖಾನಿಯವರ ಜೋಡಿ ಸುರಮಾಯಿ ತಿಂದಿದ್ದೆ. ಮನಿಗೆ ಬಂದು ಅದ ಕೈಲೆ ಅವ್ವಗ ಗುಳಗಿ ಕೊಟ್ಟೆ. ಸಾಬಾಣ ಹಚ್ಚಿ ತೊಳದಿದ್ದೆ, ಖರೇನ..." ಮೂವತ್ತೆಂಟು ವರ್ಷದ ಗಂಡಸು ಬಿಕ್ಕಿ ಬಿಕ್ಕಿ ಅಳತೊಡಗಿದ. "ಅವ್ವನ್ನ ನಾನ ಕೊಂದೆ!"

ಚನ್ನಬಸವ್ವ ಜ್ವರದಲ್ಲೂ ಎದ್ದು ಕುಳಿತಳು.

"ಸುರಮಾಯಿ ತಿಂದ್ಯಾ? ಯಾವಾಗಿಂದ ತಿನ್ನಾಕತ್ತೀ?"

"ಆರು ವರ್ಷಾತಬೇ."

"ಆರು ವರ್ಷ! ನಿಮ್ಮಪ್ಪ ಇದ್ದಿದ್ರ ಎದಿ ಒಡಕೊಂಡು ಸಾಯ್ತಿದ್ದರು!"

ಅಷ್ಟು ಬಯ್ದ ಮೇಲೆ ಮಗನನ್ನು ನೋಡಿದಳು. ಆತ ಚಿಕ್ಕಂದಿನಲ್ಲಿ ಅತ್ತಂತೆಯೇ, ಮೂಗು ಸುರಿಸುತ್ತ ಅಳುತ್ತಿದ್ದ. ಅತ್ತ ಡಾಕ್ಟರು ತಲೆಯಾಡಿಸಿ, "ಬೇಯಿಸಿದ ಮೀನು ತಿಂದಿದ್ದು ನೀವು, ಬಾತಿರೋದು ಇವರ ಕೈ. ಹಾಗೆ ಬರಲ್ಲ ಬಿಡಿ. ಇದು ಬೇರೆ ಏನೋ ಇರ್ಬೇಕು," ಎಂದು, ಕಡಲ ಬ್ಯಾಕ್ಟೀರಿಯಾಕ್ಕೆಂದು ಚೀಟಿಯಲ್ಲಿ ಬರೆದಿದ್ದ ಔಷಧಿಯನ್ನು ಹೊಡೆದುಹಾಕಲು ಪೆನ್ನು ಇಟ್ಟ.

ಚನ್ನಬಸವ್ವ ಕಣ್ಣು ಮುಚ್ಚಿಕೊಂಡಳು. ಸುಮ್ಮನಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಕೈ ಬೆಂಕಿಯಂತೆ ಉರಿಯುತ್ತಿತ್ತು, ಮಗನ ಅಳು ನಿಂತಿರಲಿಲ್ಲ.

"ಹೊಡೀಬ್ಯಾಡ್ರಿ ಡಾಕ್ಟರ್ರ. ಸೀಗಡಿ ಚುಚ್ಚೇದ."

ರೋಹಿತ ಮೂಗು ಒರೆಸಿಕೊಳ್ಳುತ್ತ ತಲೆ ಎತ್ತಿದ.

"ತಾಜಾ ಸೀಗಡಿ ಅಲ್ರೀ. ತಾಜಾ ಇದ್ದರ ತಲಿ ಬಿಗಿ ಇರತದ. ಇದು ಸಡ್ಲ ಇತ್ತು. ಆಕಿ ಈಗ ಬಂದದ ಅಂತ ಸುಳ್ಳ ಹೇಳ್ತಿದ್ಲು, ನಾ ತೋರಸಲಿಕ್ಕೆ ಹೋದೆ."

"ಇದೆಲ್ಲಾ ನಿಮಗೆ ಹೇಗೆ ಗೊತ್ತು?" ಎಂದ ಡಾಕ್ಟರು, ಪೆನ್ನು ಹಿಡಿದುಕೊಂಡೇ.

"ಎರಡು ವರ್ಷದಿಂದ ಸಾಯಲಿಗೆ ಆರಿಸಿ ಕೊಡ್ತೀನ್ರಿ. ತಿನ್ನಂಗಿಲ್ಲ. ಲಿಂಗದ ಆಣಿ, ತಿನ್ನಂಗಿಲ್ಲ."

ನೀತಾ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಓಡಿದಳು. ಅಳುತ್ತಿದ್ದಾಳೆಂದು ನರ್ಸು ನೀರು ಕೊಟ್ಟಳು.

ಒಂದು ತಾಸಿನೊಳಗೆ ಆಪರೇಷನ್ ಆಯಿತು. ಕೊಳೆತ ಚರ್ಮ ತೆಗೆದರು, ಔಷಧಿ ಬದಲಿಸಿದರು. ಎರಡು ದಿನ ಯಾರಿಗೂ ಊಟ ಸೇರಲಿಲ್ಲ. ಮೂರನೆಯ ದಿನ ಜ್ವರ ಇಳಿಯಿತು. "ಇನ್ನರ್ಧ ದಿನ ಮುಚ್ಚಿಟ್ಟಿದ್ದರೆ ಕೈ ತೆಗೀಬೇಕಾಗ್ತಿತ್ತು," ಎಂದು ಡಾಕ್ಟರು ಹೇಳಿದಾಗ ರೋಹಿತ ಮತ್ತೆ ಅತ್ತ.

ಮಧ್ಯಾಹ್ನ ನೀತಾ ಡಬ್ಬಿ ತರಲು ಹೋದಾಗ ಚನ್ನಬಸವ್ವ ಮಗನನ್ನು ಹತ್ತಿರ ಕರೆದಳು.

"ಹೆಂಗಿರತದೋ?"

"ಏನಬೇ?"

"ಸುರಮಾಯಿ."

ರೋಹಿತ ಬಾಗಿಲ ಕಡೆ ನೋಡಿದ. "ರವಾ ಹಚ್ಚಿ ಕರದಿರ್ತಾರ. ಮ್ಯಾಲೆ ಕುರುಂ ಕುರುಂ, ಒಳಗ ಮೆತ್ತಗ."

"ಬಾಳಿಕಾಯಿ ಕರದಂಗೇನು?"

"ಹೌದು... ಸುಮಾರು ಹಂಗ."

"ಮತ್ತ ಬಾಳಿಕಾಯಿ ತಿನ್ನಾಕ ಏನ್ ಧಾಡಿ ಆಗಿತ್ತೋ ನಿನಗ!"

ಹನ್ನೊಂದನೆಯ ದಿನ ಮನೆಗೆ ಬಂದಳು. ತೋರುಬೆರಳಿನ ತುದಿಯ ಗೆಣ್ಣು ಮಡಚುತ್ತಿರಲಿಲ್ಲ. ಸಾಯಲಿ ಬಂದು ಕಾಲು ಹಿಡಿದು ಅತ್ತಳು, ಇನ್ನು ಮನೆಯಲ್ಲಿ ಮೀನೇ ಬೇಡ ಎಂದಳು. "ಹುಚ್ಚಿ, ಗ್ಲೌಸ್ ಹಾಕಿಕೋ ಸಾಕು," ಎಂದು ಚನ್ನಬಸವ್ವ ಗದರಿದಳು.

ಮುಂದಿನ ರವಿವಾರ ಬೆಳಗ್ಗೆ ಮಾರ್ಕೆಟ್ಟಿನಿಂದ ಸಾಯಲಿಯ ವಿಡಿಯೋ ಕಾಲ್ ಬಂತು. ಚನ್ನಬಸವ್ವ ದಿಂಬಿಗೆ ಒರಗಿ ಫೋನು ಹಿಡಿದು, "ಇನ್ನೂ ಹತ್ತಿರ ಹಿಡಿ. ಮೀನಿನ ಕಣ್ಣು ಕಾಣಿಸುತ್ತಿಲ್ಲ," ಎಂದು ಮರಾಠಿಯಲ್ಲಿ ಕೂಗುತ್ತಿದ್ದಳು. ಚಹಾ ತಂದ ನೀತಾ ಬಗ್ಗಿ ನೋಡಿದಳು.

"ಅತ್ತಿ, ಆ ಬಾಜೂದ್ದು ತಗೋ ಅನ್ರಿ. ಇದರಾಗ ಮುಳ್ಳು ಭಾಳ ಇರ್ತಾವ."

ಚನ್ನಬಸವ್ವ ಫೋನು ಕೆಳಗಿಟ್ಟು, ಸೊಸೆಯ ಕಡೆ ನಿಧಾನವಾಗಿ ತಿರುಗಿದಳು.